ಭಾನುವಾರದ ಸೂಜಿಯಪ್ಪ

ಕಾವ್ಯಾ, ದರ್ಶನ್, ಸಿಂಚನಾ, ಮೂವರೂ ಇತ್ತ ಬಂದು ಕುಳಿತುಕೊಳ್ಳಿ. ನಿಮ್ಮ ಅಜ್ಜನಿಗೆ ಭಾನುವಾರ ಬಂತೆಂದರೆ ಸ್ವಂತ ಹೆಂಡತಿ ಮಕ್ಕಳ ಗುರುತು ಸಿಗುತ್ತಿರಲಿಲ್ಲ! ನಗಬೇಡಿ. ಸೋಮವಾರದಿಂದ ಶನಿವಾರದವರೆಗೆ ಚೆನ್ನಾಗಿಯೇ ಸಿಗುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಹಾಕಿದವಳು ಯಾರು, ಕೊಡೆ ಮುರಿದಿದ್ದರೆ ಮುರಿದ ಮಗು ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಮಾತ್ರ ಎಲ್ಲ ಮರೆತುಹೋಗುತ್ತಿತ್ತು.

ಇದನ್ನು ಬಾಯಲ್ಲಿ ಹೇಳಬಹುದಿತ್ತು. ಆದರೆ ನಾಲ್ಕು ಜನರ ಮುಂದೆ ಮಾತಾಡು ಎಂದರೆ ನನಗೆ ಈಗಲೂ ಸೆರಗು ಬಾಯಿಗೆ ಹೋಗುತ್ತದೆ. ಕಾಗದವಾದರೆ ನನ್ನ ಮುಖ ನೋಡುವುದಿಲ್ಲ.

ನಿಮ್ಮ ಅಜ್ಜನದು ಮಲೇರಿಯಾ ಕೆಲಸ. ಆಗಿನ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಬ್ಬ ಮನುಷ್ಯ ಖಾಕಿ ಚೀಲ ತೂಗುಹಾಕಿಕೊಂಡು ಸೈಕಲ್ ಮೇಲೆ ಊರಿಗೆ ಬರುತ್ತಿದ್ದ. ಮನೆ ಮನೆಯ ಬಾಗಿಲಲ್ಲಿ ನಿಂತು ಯಾರಿಗಾದರೂ ಜ್ವರವಿದೆಯೇ ಎಂದು ಕೇಳುತ್ತಿದ್ದ. ಇದೆ ಎಂದರೆ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡು, ಕಹಿ ಗುಳಿಗೆ ನುಂಗಿಸಿ, ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ಹೋಗುತ್ತಿದ್ದ. ತೆಲಿಗಿಯಿಂದ ಉಚ್ಚಂಗಿದುರ್ಗದ ಬುಡದವರೆಗಿನ ಹಳ್ಳಿಗಳಿಗೆ ಆ ಮನುಷ್ಯ ನಿಮ್ಮ ಅಜ್ಜ. ಅವರಿಗೆ ಅಪ್ಪ ಅವ್ವ ಇಟ್ಟ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರೂ ಸೂಜಿಯಪ್ಪ ಎನ್ನುತ್ತಿದ್ದರು. ಅವರ ಸೈಕಲ್ ಗಂಟೆ ಕೇಳಿದರೆ ಸಾಕು, ಜ್ವರದಲ್ಲಿ ಮಲಗಿದ್ದವರೂ ಎದ್ದು ಹೊಲದ ಕಡೆಗೆ ಓಡುತ್ತಿದ್ದರು. ಗುಳಿಗೆ ನುಂಗದೆ, ಬರೀ ಓಡಿದ್ದಕ್ಕೇ ಬೆವರಿ ಜ್ವರ ಬಿಟ್ಟವರು ಎಷ್ಟು ಜನವೋ!

ನಾವು ತೆಲಿಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಆರು ದಿನ ಅವರು ಊರೂರು ತಿರುಗುತ್ತಿದ್ದರು. ಏಳನೇ ದಿನ ಉಳಿದ ಗಂಡಸರು ಏನು ಮಾಡುತ್ತಾರೆ? ಕ್ಷೌರ ಮಾಡಿಸಿಕೊಳ್ಳುತ್ತಾರೆ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ, ಕಟ್ಟೆಯ ಮೇಲೆ ಕುಳಿತು ಊರಿನ ಉಸಾಬರಿ ಮಾಡುತ್ತಾರೆ. ನಿಮ್ಮ ಅಜ್ಜ ಎದ್ದು, ಸ್ನಾನ ಮಾಡಿ, ಖಾಕಿ ಚೀಲ ಹಾಕಿಕೊಂಡು ಮನೆಯಿಂದ ಹೊರಗೆ ಹೋಗುತ್ತಿದ್ದರು. ಹತ್ತು ಹೆಜ್ಜೆ ಹೋಗಿ, ಹಿಂತಿರುಗಿ ಬಂದು, ನಮ್ಮದೇ ಬಾಗಿಲು ಬಡಿಯುತ್ತಿದ್ದರು!

"ಮನಿಯಾಗ ಯಾರದೀರ್ರಿ?"

ನಾನು ಒಲೆಯ ಮುಂದಿನಿಂದ ಎದ್ದು ಬರಬೇಕು. ಬರದಿದ್ದರೆ ಮತ್ತೆ ಬಡಿಯುತ್ತಿದ್ದರು.

"ಎಷ್ಟು ಮಂದಿ ಅದೀರಿ ಅವ್ವಾರ?"

"ನಿಮಗ ಗೊತ್ತಿಲ್ಲೇನು?"

"ಗೊತ್ತಿದ್ರ ಯಾಕ ಕೇಳ್ತಿದ್ದೆ? ಹೇಳ್ರಿ."

"ಐದು."

"ಹೊಸಬರು ಯಾರರ ಬಂದಾರೇನು?"

ನನಗೆ ಉತ್ತರ ನಾಲಿಗೆಯ ತುದಿಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಬರುತ್ತಿರಲಿಲ್ಲ. ಎದುರು ಮನೆಯ ಹಾಲಮ್ಮ ಕಸ ಗುಡಿಸುತ್ತಾ ಅದನ್ನು ಹೇಳುತ್ತಿದ್ದಳು: "ಹೊಸಬರು ಅಂದ್ರ ನೀನ ನೋಡಪಾ! ವಾರಕ್ಕೊಮ್ಮಿ ಬರ್ತೀ. ನಿನ್ನ ಹೆಸರ ಬರ್ಕೋ ಮೊದ್ಲು!"

ನನ್ನ ಬಾಯಿ ಆಗ ಹಾಲಮ್ಮನ ಹತ್ತಿರ ಇತ್ತು. ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಅವಳು ಬೀದಿಯಲ್ಲಿ ಅನ್ನುತ್ತಿದ್ದಳು. ಇಂಥ ನೆರೆಯವಳು ಸಿಕ್ಕರೆ ಸಂಕೋಚದ ಹೆಂಗಸು ನೂರು ವರ್ಷ ಬಾಳಬಹುದು.

ಒಂದು ಲಾಭವಿತ್ತು, ಸುಳ್ಳೇಕೆ ಹೇಳಲಿ? ವಾರವೆಲ್ಲ 'ಏನಲೇ', 'ಬಾರಲೇ' ಎನ್ನುತ್ತಿದ್ದ ಗಂಡ ಭಾನುವಾರ 'ಅವ್ವಾರ' ಎನ್ನುತ್ತಿದ್ದರು. ಅಷ್ಟು ಮರ್ಯಾದೆಗೆ ಎರಡು ಸಲ ಬಾಗಿಲು ತೆಗೆದರೂ ನಷ್ಟವಿಲ್ಲ.

ಬಾಗಿಲ ವಿಚಾರಣೆ ಮುಗಿದ ಮೇಲೆ ನೀರಿನ ತಪಾಸಣೆ. ನಮ್ಮ ಓಣಿಯ ಬೋರಿಂಗಿಗೆ ಬೆಳಗಿನ ಜಾವವೇ ಹೋಗಿ, ಸೊಂಟದ ಮೇಲೊಂದು ಕೈಯಲ್ಲೊಂದು ಕೊಡ ಹೊತ್ತು ನಾನು ಬಾನಿ ತುಂಬಿಸಿಟ್ಟಿರುತ್ತಿದ್ದೆ. ಬಾನಿ ಎಂದರೆ ದರ್ಶನ್ ನಿಂತರೆ ಅವನ ಎದೆಯವರೆಗೆ ಬರುವ ಮಣ್ಣಿನ ಗಡಿಗೆ. ಅವರು ಬ್ಯಾಟರಿ ಬಿಟ್ಟು ಅದರೊಳಗೆ ಇಣುಕುವರು. ಒಂದು ಹುಳ ಮಿಸುಕಿದರೂ ಸಾಕು, ಬಾನಿಯನ್ನು ಮಗುಚಿ ಅಂಗಳವನ್ನೆಲ್ಲ ಕೆಸರು ಮಾಡುವರು.

"ಹನ್ನೆರಡು ಕೊಡ ನೀರು ಅದು!" ಎಂದು ಹಾಲಮ್ಮ ನನ್ನ ಪರವಾಗಿ ಕಿರುಚುವಳು.

"ಹನ್ನೆರಡು ಕೊಡ ನೀರಲ್ಲಬೇ, ಹನ್ನೆರಡು ನೂರು ಸೊಳ್ಳಿ!" ಎಂದು ಅವರು.

ಒಮ್ಮೆ ಎಲ್ಲಿಂದಲೋ ಪುಟ್ಟ ಪುಟ್ಟ ಮೀನು ತಂದು ಬಾನಿಗೆ ಬಿಟ್ಟರು. ಅವು ಹುಳ ತಿನ್ನುತ್ತವೆ, ಇನ್ನು ನೀರು ಚೆಲ್ಲುವುದು ಬೇಡ ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಮೀನಿಗೆ ಕೈ ಮುಗಿದೆ! ಆ ವಾರವೇ ನನ್ನ ತಮ್ಮ ಊರಿನಿಂದ ಬಂದ. ಅವನು ಆಗ ತಾನೇ ದೀಕ್ಷೆ ತೆಗೆದುಕೊಂಡು, ಮಾಂಸವಿರಲಿ, ಮಾಂಸ ತಿಂದವರ ಮನೆಯ ಚಾಪೆಯನ್ನೂ ಬಿಟ್ಟಿದ್ದ. ಬಿಸಿಲಲ್ಲಿ ಬಂದವನಿಗೆ ಆತುರದಲ್ಲಿ ತಂಬಿಗೆ ಅದ್ದಿ ನೀರು ಕೊಟ್ಟೆ. ಅರ್ಧ ಕುಡಿದವನು ತಂಬಿಗೆಯನ್ನು ಮುಖದಿಂದ ದೂರ ಹಿಡಿದು ಹೇಳಿದ: "ಅಕ್ಕಾ, ಇದರೊಳಗ ಯಾರೋ ಅದಾರ!"

ಇನ್ನುಳಿದ ಅರ್ಧದಲ್ಲಿ ಎಷ್ಟು ಜನ ಇದ್ದರು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಅವನು ಎರಡು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಮೂರನೆಯದು ಸೂಜಿ. ಇಲ್ಲಿಗೆ ಬರುವಷ್ಟರಲ್ಲಿ ಮನೆಯಲ್ಲಿ ಮಕ್ಕಳೇ ಇರುತ್ತಿರಲಿಲ್ಲ. ದೊಡ್ಡವನು ಕೊಟ್ರೇಶ ಅಟ್ಟದ ಮೇಲೆ, ನಡುವಿನವಳು ಗಿರಿಜಾ ಕೌದಿಗಳ ರಾಶಿಯೊಳಗೆ, ಕೊನೆಯವಳು ಶಾರದಾ, ನಿಮ್ಮವ್ವ, ನನ್ನ ಸೀರೆಯ ನಿರಿಗೆಯಲ್ಲಿ. ಅವಳಿಗೆ ಆಗ ಮೂರು ವರ್ಷ. ನಿರಿಗೆಯ ಕೆಳಗೆ ಅವಳ ಎರಡು ಪಾದಗಳು ಕಾಣುತ್ತಿದ್ದವು. ಹೀಗಾಗಿ ಪ್ರತಿ ವಾರ ಮೊದಲು ಸಿಕ್ಕಿಬೀಳುವವಳು ಅವಳೇ.

"ಸೊಳ್ಳಿ ಕಡಿದಷ್ಟೂ ನೋವಾಗಂಗಿಲ್ಲ ಕೂಸ," ಎಂದು ಅವರು ಬೆರಳು ಹಿಡಿಯುವರು.

"ಹಂಗಂದ್ರ ನೀ ಸೊಳ್ಳಿಗೆ ಯಾಕ ಬೈತೀಯಪ್ಪಾ?" ಎಂದು ಅಟ್ಟದ ಮೇಲಿಂದ ಕೊಟ್ರೇಶ.

ನನ್ನನ್ನೂ ಬಿಡುತ್ತಿರಲಿಲ್ಲ. ನನ್ನ ಕಥೆ ಇನ್ನೂ ಹಿಂದಿನದು. ಮದುವೆಯಾದ ಮೊದಲ ವಾರ ನನಗೆ ಸ್ವಲ್ಪ ಮೈ ಬೆಚ್ಚಗಿತ್ತು. ಗಂಡ ಹತ್ತಿರ ಬಂದು ಕುಳಿತರು. ಮೆಲ್ಲಗೆ ಕೈ ಹಿಡಿದುಕೊಂಡರು. ನಾನು ನಾಚಿ ಗೋಡೆಯ ಕಡೆ ಮುಖ ತಿರುಗಿಸಿದೆ. ಚುಚ್ಚಿದರು!

ಇಷ್ಟು ಓದಿ ನೀವು ನಿಮ್ಮ ಅಜ್ಜ ಹುಚ್ಚರಾಗಿದ್ದರೇ ಎಂದು ಕೇಳಬಹುದು. ಓಣಿಯವರೂ ಕೇಳುತ್ತಿದ್ದರು. ನಾನು ನಕ್ಕು ಒಳಗೆ ಹೋಗುತ್ತಿದ್ದೆ. ಈ ಭಾನುವಾರದ ಆಟ ಮದುವೆಯಾದಾಗಿನಿಂದ ಇದ್ದದ್ದಲ್ಲ. ಕೊಟ್ರೇಶ ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ ಶುರುವಾದದ್ದು. ಅದಕ್ಕೆ ಕಾರಣವಿತ್ತು.

ಕೊಟ್ರೇಶನಿಗಿಂತ ಮೊದಲು ನಮಗೆ ಒಬ್ಬ ಮಗಳಿದ್ದಳು. ಎರಡು ವರ್ಷದವಳು. ನಿಮ್ಮ ಅಜ್ಜ ಒಂದು ಸೋಮವಾರ ದುರ್ಗದ ಕಡೆಯ ಹಳ್ಳಿಗಳಿಗೆ ಹೋದರು. ಆ ದಿಕ್ಕಿಗೆ ಹೋದರೆ ಅಲ್ಲಲ್ಲೇ ಉಳಿದು ಐದು ದಿನಕ್ಕೆ ಬರುತ್ತಿದ್ದರು. ಮಂಗಳವಾರ ಮಗುವಿಗೆ ಚಳಿ ಬಂತು, ಹಿಂದೆಯೇ ಜ್ವರ. ಗುಳಿಗೆ ಮನೆಯಲ್ಲೇ ಇತ್ತು. ಒಂದು ತಗಡಿನ ಪೆಟ್ಟಿಗೆಯ ತುಂಬ ಇತ್ತು. ಪೆಟ್ಟಿಗೆಗೆ ಬೀಗ, ಬೀಗದ ಕೀಲಿ ಅವರ ಉಡುದಾರದಲ್ಲಿ. "ಸರ್ಕಾರದ ಔಷಧಿ, ಮುಟ್ಟಬ್ಯಾಡ," ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದರು. ನಾನು ಮುಟ್ಟಲಿಲ್ಲ. ತಣ್ಣೀರು ಬಟ್ಟೆ ಹಾಕಿದೆ, ದೃಷ್ಟಿ ತೆಗೆದೆ, ಉಚ್ಚಂಗೆಮ್ಮನಿಗೆ ಹರಕೆ ಕಟ್ಟಿದೆ. ಆ ಪೆಟ್ಟಿಗೆಗೆ ಒರಗಿಕೊಂಡೇ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಅವರು ಮೂರು ಊರುಗಳಲ್ಲಿ ಪರರ ಮಕ್ಕಳಿಗೆ ಗುಳಿಗೆ ಹಂಚಿ ಶುಕ್ರವಾರ ಬಂದರು. ಅಷ್ಟರಲ್ಲಿ ಮಣ್ಣು ಮಾಡಿ ಒಂದು ದಿನವಾಗಿತ್ತು.

ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಬೀಗವನ್ನು ತೆಗೆದು ಎಲ್ಲಿಗೆ ಎಸೆದರೋ, ಆಮೇಲೆ ಪೆಟ್ಟಿಗೆಗೆ ಬೀಗವೇ ಬೀಳಲಿಲ್ಲ. ಅದರ ಮುಂದಿನ ಭಾನುವಾರವೇ ಹೊರಗೆ ಹೋಗಿ ಬಂದು ಬಾಗಿಲು ಬಡಿದು ಕೇಳಿದರು, ಮನೆಯಲ್ಲಿ ಎಷ್ಟು ಜನ, ಜ್ವರವಿದೆಯೇ ಎಂದು. ಮನೆಯಲ್ಲಿ ಇದ್ದದ್ದು ನಾನೊಬ್ಬಳು. "ಒಬ್ಬಾಕಿ. ಇಲ್ಲ," ಎಂದೆ. ಅಂದಿನಿಂದ ಒಂಬತ್ತು ವರ್ಷ, ಪ್ರತಿ ಭಾನುವಾರ ಆ ಕೊನೆಯ ಪ್ರಶ್ನೆಗೆ ನನ್ನ ಉತ್ತರ 'ಇಲ್ಲ'. ಆ ಮನೆಯಲ್ಲಿ ಜ್ವರ ಎಂಬ ಮಾತು ಬಾಯಿಂದ ಬಂದರೆ ಆ ಮಗು ಎದ್ದು ಬಂದು ನಡುಮನೆಯಲ್ಲಿ ನಿಲ್ಲುತ್ತದೆ ಎಂದು ನನಗೆ ಅಂಜಿಕೆ. ಅವಳ ಹೆಸರನ್ನಂತೂ ಇಬ್ಬರೂ ಎತ್ತಲೇ ಇಲ್ಲ.

ಈಗ ಆ ಒಂದು ಭಾನುವಾರಕ್ಕೆ ಬರುತ್ತೇನೆ.

ಹರಪನಹಳ್ಳಿಯ ಟೆಂಟಿಗೆ ಒಂದು ಸಿನಿಮಾ ಬಂದಿತ್ತು. ದೇವರದ್ದು, ಹಾವು ಮಾತಾಡುತ್ತದಂತೆ. ಕೊಟ್ರೇಶ ಮತ್ತು ಗಿರಿಜಾ ಒಂದು ತಿಂಗಳು ಗೋಗರೆದಿದ್ದರು. ನಿಮ್ಮ ಅಜ್ಜ ಕೊನೆಗೆ ಹೂಂ ಎಂದಿದ್ದರು. ಒಂದು ಗಂಟೆಯ ಬಸ್ಸಿಗೆ ಹೋಗಿ, ಮ್ಯಾಟ್ನಿ ನೋಡಿ, ಸಂಜೆಯ ಬಸ್ಸಿಗೆ ಬರುವುದು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾವೆಲ್ಲ ಕೂಡಿ ಎಲ್ಲಿಗಾದರೂ ಹೊರಟದ್ದು ಅದೇ ಮೊದಲು. ನಾನು ಟ್ರಂಕಿನಿಂದ ಮದುವೆಯ ಸೀರೆ ತೆಗೆದು ಹಿಂದಿನ ದಿನವೇ ಬಿಸಿಲಿಗೆ ಹಾಕಿದ್ದೆ.

ಆ ಶುಕ್ರವಾರ ಅವರು ಊರಲ್ಲಿರಲಿಲ್ಲ. ಮಧ್ಯಾಹ್ನ ಶಾರದಾಗೆ ಚಳಿ ಬಂದು, ಜ್ವರ ಬಂದು, ಸಂಜೆಗೆ ಬೆವರಿ ಬಿಟ್ಟುಹೋಗಿತ್ತು. ಶನಿವಾರ ಆರಾಮವಾಗಿ ಆಡಿದಳು. ಈ ಜ್ವರ ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ ಎಂದು ಸೂಜಿಯಪ್ಪನ ಹೆಂಡತಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ, ಹೋಯಿತಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿಯಿತು.

"ಎಷ್ಟು ಮಂದಿ ಅದೀರಿ ಅವ್ವಾರ?"

"ಐದು."

"ಯಾರಿಗರ ಜ್ವರ ಅದಾವೇನು? ಹದಿನೈದು ದಿನದಾಗ ಬಂದು ಹೋಗಿದ್ರೂ ಹೇಳ್ರಿ."

"ಇಲ್ಲ."

ಅವರು ಶಾರದಾಳ ಹಣೆ ಮುಟ್ಟಿದರು. ತಣ್ಣಗಿತ್ತು. ಆ ದಿನ ಬಸ್ಸಿನ ಅವಸರವೆಂದು ಸೂಜಿಯನ್ನೂ ಬಿಟ್ಟರು. "ಇವತ್ತು ಸೊಳ್ಳಿಗೂ ರಜಾ!" ಎಂದು ಕೊಟ್ರೇಶ ಕುಣಿದ.

ಹಾಲಮ್ಮನ ಹತ್ತಿರ ಮಲ್ಲಿಗೆ ಇಸಿದುಕೊಂಡು ಮುಡಿದೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಹನ್ನೆರಡೂವರೆಗೆ ಕೊಟ್ರೇಶ ಗಿರಿಜಾ ಆಗಲೇ ಬಸ್ಸು ನಿಲ್ಲುವ ಕಡೆಗೆ ಓಡಿದ್ದರು. ಶಾರದಾಳ ಕಾಲಿಗೆ ಚಪ್ಪಲಿ ಹಾಕುತ್ತಿದ್ದೆ, ಆ ಕಾಲು ಅದುರತೊಡಗಿತು. "ಅವ್ವಾ, ಥಂಡಿ," ಎಂದಳು. ಬೇಸಿಗೆಯ ಬಿಸಿಲು, ಗೋಡೆ ಮುಟ್ಟಿದರೆ ಸುಡುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು.

ಒಂದು ಕೌದಿ ಹೊದಿಸಿದೆ, ಇನ್ನೊಂದು ಹೊದಿಸಿದೆ. ಹೊರಗಿದ್ದ ಸೈಕಲ್ ಒಳಗಿಡಲು ಬಂದ ಅವರು ನೋಡಿದರು.

"ಯಾವಾಗಿಂದ?"

ಹಾಲಮ್ಮ ಅಲ್ಲಿರಲಿಲ್ಲ. ನಾನೇ ಹೇಳಬೇಕಿತ್ತು.

"ಶುಕ್ರವಾರನೂ ಬಂದಿತ್ತು."

ಅವರು ನನ್ನ ಮುಖ ನೋಡಿದರು. ಹೊಡೆದಿದ್ದರೂ ಚೆನ್ನಾಗಿತ್ತು. ಆಮೇಲೆ ನನ್ನ ತಲೆಯಲ್ಲಿದ್ದ ಹೂವು ನೋಡಿದರು.

ಬಸ್ಸು ತಡೆಯಿರಿ ಎಂದು ಮಕ್ಕಳಿಗೆ ಕೂಗುತ್ತಾ ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದರು, ಹರಪನಹಳ್ಳಿಯ ಆಸ್ಪತ್ರೆಗೆ ಒಯ್ಯಬೇಕೆಂದು. ಬಸ್ಸು ಆ ದಿನ ಹೊತ್ತಿಗೆ ಮುಂಚೆಯೇ ಬಂದು ಹೋಗಿತ್ತು. ನಮ್ಮ ಬಸ್ಸು ಹೊತ್ತಿಗೆ ಮುಂಚೆ ಬಂದದ್ದನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ. ಕೊಟ್ರೇಶ ಗಿರಿಜಾ ಧೂಳಿನಲ್ಲಿ ನಿಂತಿದ್ದರು. ಮುಂದಿನ ಬಸ್ಸು ಐದು ಗಂಟೆಗೆ.

ಮನೆಗೆ ಬಂದು ಮಗುವನ್ನು ಮಲಗಿಸಿದರು. ಅವರದೊಂದು ನಿಯಮ: ಗುಳಿಗೆಗಿಂತ ಮೊದಲು ರಕ್ತ ತೆಗೆಯಬೇಕು. ಗುಳಿಗೆ ಕೊಟ್ಟ ಮೇಲೆ ತೆಗೆದರೆ ಯಾವ ಜ್ವರವೆಂದು ಗೊತ್ತಾಗುವುದಿಲ್ಲ. ಸ್ಪಿರಿಟಿನಲ್ಲಿ ಹತ್ತಿ ಅದ್ದಿದರು. ಬೆರಳು ಒರೆಸಿದರು. ಸೂಜಿ ಎತ್ತಿದರು. ಕೈ ಬೆರಳಿನ ಹತ್ತಿರ ಹೋಗಿ ನಿಂತುಬಿಟ್ಟಿತು. ಹದಿನೈದು ವರ್ಷ ತಾಲ್ಲೂಕಿನ ಬೆರಳುಗಳಿಗೆಲ್ಲ ಚುಚ್ಚಿದ ಕೈ! ಕೆಳಗಿಟ್ಟರು, ಮತ್ತೆ ಎತ್ತಿದರು.

"ನನ್ನ ಕೈಲಿ ಆಗವಲ್ದು," ಎಂದರು. "ನೀ ಚುಚ್ಚು."

ರಕ್ತ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದ ನಾನು ಸೂಜಿ ಹಿಡಿದೆ. ಚುಚ್ಚಿದೆ. ಶಾರದಾ ಅಳಲಿಲ್ಲ. ಅದೇ ನನಗೆ ಭಯವಾದದ್ದು. ಹನಿಯನ್ನು ಗಾಜಿಗೆ ಹೇಗೆ ಮುಟ್ಟಿಸಬೇಕೆಂದು ಅವರು ಹೇಳಿದರು, ಹಾಗೆ ಮಾಡಿದೆ. ಗುಳಿಗೆ ಅರೆದು ಬೆಲ್ಲದಲ್ಲಿ ಕಲಸಿ ಕೊಟ್ಟೆ. ಕಾರಿಕೊಂಡಳು. ಮತ್ತೆ ಅರೆದು ಕೊಟ್ಟೆ. ಉಳಿಯಿತು.

ಆ ಮಧ್ಯಾಹ್ನ ಎಷ್ಟು ಉದ್ದವಿತ್ತು! ಚಳಿ ನಿಂತು ಮೈ ಕೆಂಡವಾಯಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು, ಕೈ ಕಾಲು ಒಮ್ಮೆ ಸೆಟೆದವು. ನಾವಿಬ್ಬರೂ ಮೈಗೆ ಒದ್ದೆ ಬಟ್ಟೆ ಒತ್ತುತ್ತಲೇ ಇದ್ದೆವು. ಹಾಲಮ್ಮ ಬಂದು ಬಾಗಿಲಲ್ಲಿ ನಿಂತಳು. ಅವಳ ಬಾಯಿಗೂ ಆಗ ಮಾತು ಬರಲಿಲ್ಲ. ಕೊಟ್ರೇಶನನ್ನೂ ಗಿರಿಜಾಳನ್ನೂ ತನ್ನ ಮನೆಗೆ ಕರೆದೊಯ್ದಳು. ಹೋಗುವಾಗ ಗಿರಿಜಾ ಕೇಳಿದ್ದು ನನಗೆ ಕೇಳಿಸಿತು: "ನಾವು ಸಿನಿಮಾ ಕೇಳಿದ್ದಕ್ಕ ಹಿಂಗಾತೇನು ದೊಡ್ಡವ್ವ?"

ಶಾರದಾ ಬದುಕಿದಳೆಂದು ನಿಮಗೆ ಗೊತ್ತೇ ಇದೆ. ಇಲ್ಲದಿದ್ದರೆ ನೀವೆಲ್ಲಿ ಬರುತ್ತಿದ್ದಿರಿ? ನನಗೆ ಆ ಹೊತ್ತಿನಲ್ಲಿ ಗೊತ್ತಿರಲಿಲ್ಲ.

ನಾಲ್ಕೂವರೆಯ ಸುಮಾರಿಗೆ ಅವಳ ಕುತ್ತಿಗೆಯ ಹಿಂದೆ ಕೈಯಿಟ್ಟೆ, ಒದ್ದೆಯಾಗಿತ್ತು. ಬಟ್ಟೆಯ ನೀರು ಎಂದುಕೊಂಡೆ. ಒರೆಸಿದೆ, ಮತ್ತೆ ಒದ್ದೆಯಾಯಿತು. ಬೆವರು! ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಅವ್ವಾ, ಹಾವು ಮಾತಾಡ್ತೇನು?" ಎಂದಳು. ಅವಳ ಲೆಕ್ಕದಲ್ಲಿ ಇನ್ನೂ ಬಸ್ಸು ಹತ್ತಬೇಕಿತ್ತು. ಮರುದಿನ ಬೆಳಿಗ್ಗೆ ಆಸ್ಪತ್ರೆಗೂ ಒಯ್ದೆವು. ಕೊಟ್ಟ ಗುಳಿಗೆಯನ್ನೇ ಇನ್ನೂ ಮೂರು ದಿನ ಕೊಡಿ ಎಂದರು.

ಆ ಸಂಜೆ ಐದರ ಬಸ್ಸು ಹೋದ ಸದ್ದು ಕೇಳಿತು. ನಾವು ಏಳಲಿಲ್ಲ. ಮಗು ನಿದ್ದೆ ಹೋಗಿತ್ತು. ನಿಮ್ಮ ಅಜ್ಜ ಅವಳ ಕಾಲ ಹತ್ತಿರ ಕುಳಿತಿದ್ದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಗಂಡನಿಗೆ ಸುಳ್ಳು ಹೇಳಿದ ಹೆಂಗಸಿಗೆ ಬೇರೇನು ಸಿಗಬೇಕು?

ಅವರು ಹೇಳಿದರು: "ನೀಲಾಗೂ ಹಿಂಗ ಬೆವರು ಬಂದಿದ್ರ."

ಒಂಬತ್ತು ವರ್ಷದ ನಂತರ ಆ ಹೆಸರು. ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಕೀಲಿ ನಾನು ಒಯ್ದಿದ್ದೆ," ಎಂದರು.

"ಬೀಗ ನಾನು ಒಡೀಬೇಕಿತ್ತು," ಎಂದೆ. "ಒಳಕಲ್ಲಿನ ಗುಂಡು ಅಲ್ಲೇ ಇತ್ತು. ಎರಡು ಪೆಟ್ಟು ಹೊಡೆದಿದ್ರ ಬೀಳ್ತಿತ್ತು."

"ಒಡೆದಿದ್ರ ನಾ ಬೈತಿದ್ನೇನೋ."

"ಬೈಸ್ಕೊಂತಿದ್ದೆ."

ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಸದ್ದು ಬರದಂತೆ ಅತ್ತರು, ಮಗು ಎದ್ದೀತೆಂದು. ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಬಾಗಿಲು ತೆರೆದೇ ಇತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು. ಆದರೂ ಕುಳಿತೆ. ನಾವು ಆ ಹೆಸರನ್ನು ಆ ಸಂಜೆ ಎಷ್ಟು ಸಲ ಹೇಳಿದೆವೋ. ಅವಳು ನಡೆಯಲು ಕಲಿತದ್ದು, ಅವರ ಖಾಕಿ ಚೀಲದೊಳಗೆ ತಲೆ ಹಾಕಿ ಸಿಕ್ಕಿಕೊಂಡು ಕೂಗಿದ್ದು, ಬೆಲ್ಲಕ್ಕೆ 'ಬಬ್ಬ' ಎನ್ನುತ್ತಿದ್ದದ್ದು. ನಕ್ಕೆವು ಕೂಡ.

ಮಕ್ಕಳೇ, ಆ ನೀಲಾಳದು ಒಂದು ಫೋಟೋ ಇಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಯಾವ ಪುಸ್ತಕದಲ್ಲೂ ಅವಳನ್ನು ಯಾರೂ ಬರೆದುಕೊಂಡಿಲ್ಲ. ಅವಳನ್ನು ಕಂಡವರಲ್ಲಿ ನಿಮ್ಮ ಅಜ್ಜ ಹೋದರು, ಹಾಲಮ್ಮ ಹೋದಳು, ನಾನೊಬ್ಬಳು ಉಳಿದಿದ್ದೇನೆ. ಅವಳು ನಿಮಗೆ ದೊಡ್ಡವ್ವ ಆಗಬೇಕು. ಅವಳ ಹೆಸರು ಇಷ್ಟು ದಿನಕ್ಕೆ ಕಾಗದದ ಮೇಲೆ ಬಂದದ್ದು ಇಲ್ಲೇ ಮೊದಲು. ನನ್ನ ಅಕ್ಷರ ಸೊಟ್ಟಗಿವೆ ಎಂದು ಬಿಸಾಡಬೇಡಿ. ಗೆದ್ದಲು ಹತ್ತದ ಕಡೆ, ನೀರು ತಾಗದ ಕಡೆ ಈ ಹಾಳೆಗಳನ್ನು ಇಟ್ಟುಕೊಳ್ಳಿ. ಅವಳಿಗೆ ಇರಲು ಬೇರೆ ಜಾಗವಿಲ್ಲ.